ಏರಿ ಒಡೆಯುವ ಮುನ್ನ

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ಕಂಡು ನಗುವ ಗಾದೆಯೂ ನಮ್ಮಲ್ಲಿ ಉಂಟು. ಒಂದೇ ತಪ್ಪನ್ನು ಕುರಿತು ಹಲವು ಗಾದೆಗಳು ಹುಟ್ಟಿಕೊಂಡಿವೆ ಎಂದರೆ, ಆ ತಪ್ಪನ್ನು ಜನರು ತಲೆತಲಾಂತರದಿಂದ ಮತ್ತೆ ಮತ್ತೆ ಮಾಡುತ್ತ ಬಂದಿದ್ದಾರೆ ಎಂದೇ ಅರ್ಥ. ಮುಂಜಾಗ್ರತೆ ಒಳ್ಳೆಯದೆಂಬುದನ್ನು ಅರಿಯದವರು ಯಾರೂ ಇಲ್ಲ. ಅದನ್ನು ಆಚರಣೆಗೆ ತರುವವರು ಮಾತ್ರ ವಿರಳ. ಅರಿವಿಗೂ ಆಚರಣೆಗೂ ನಡುವೆ ಈ ಅಂತರ ಏಕೆ ಉಳಿದಿದೆ? ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ವಿಚಾರಿಸಬೇಕಾಗಿದೆ.

ಹಾವೇರಿ ಜಿಲ್ಲೆಯ ಹಿರೇಕೆರೂರು ಮಲೆನಾಡಿನ ಸೆರಗಿನಲ್ಲಿರುವ ಊರು. ಅದರ ಹೆಸರಿನಲ್ಲಿಯೇ ಕೆರೆಯಿದೆ. ಊರಿನಲ್ಲಿ ದುರ್ಗಾದೇವಿಯ ಕೆರೆಯಿದೆ. ಈ ಸೀಮೆಯ ಮಾಸೂರಿನ ಸಮೀಪದಲ್ಲಿ, ಕುಮುದ್ವತಿ ನದಿಗೆ ಅಡ್ಡಲಾಗಿ ಬೆಟ್ಟಗಳ ನಡುವೆ ಕಟ್ಟಿದ ಮದಗದ ಕೆರೆ ನಾಡಿನ ಪ್ರಾಚೀನ ನೀರಾವರಿ ಕಾರ್ಯಗಳಲ್ಲಿ ಹೆಸರಾದದ್ದು. ಮೂಲದಲ್ಲಿ ಅದು ಇಂದಿಗಿಂತ ಬಹಳ ವಿಶಾಲವಾಗಿತ್ತು. ಒಮ್ಮೆ ಒಡೆದ ಮೇಲೆ ಅದು ತನ್ನ ಹಿಂದಿನ ವೈಭವಕ್ಕೆ ಮರಳಲಿಲ್ಲ. ಕೆರೆಯ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಏರಿ ಒಡೆಯುವುದೆಂದರೆ ಏನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಗದ್ದೆ ಕೊಚ್ಚಿಹೋಗುತ್ತದೆ, ದನಕರುಗಳು ತೇಲಿಹೋಗುತ್ತವೆ, ಮುಂದಿನ ವರ್ಷದ ಬೆಳೆಗೆ ನೀರಿಲ್ಲದಂತಾಗುತ್ತದೆ. ಆದರೆ ಆ ದುರಂತ ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಏಡಿಯೊಂದು ತೋಡಿದ ಬಿಲ, ಗಿಡದ ಬೇರು ಸೀಳಿದ ಬಿರುಕು, ಹೂಳು ತುಂಬಿ ಮೇಲೇರಿದ ಕೆರೆಯ ತಳ, ಇವೆಲ್ಲ ಬೇಸಿಗೆಯಲ್ಲಿಯೇ ಕಣ್ಣಿಗೆ ಬೀಳುವಂತಿದ್ದವು. ಆಗ ನಾಲ್ಕು ಬುಟ್ಟಿ ಮಣ್ಣು ಸಾಕಾಗಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಮುಂದೆ ಕೊಡಲಿಯೂ ಸಾಲದೆ ಹೋಗುತ್ತದೆ.

ಇದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಅವರು ಕೆರೆಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಮೊದಲಾದ ಮಾತುಗಳು ಕನ್ನಡ ನಾಡಿನ ಶಾಸನಗಳಲ್ಲಿ ಹೇರಳವಾಗಿ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ ಅದನ್ನು ಕಾಪಾಡುವವರಿಗೂ ಬಿಟ್ಟುಕೊಟ್ಟ ಭೂಮಿ ಹಾಗೂ ಆದಾಯವನ್ನು ಕುರಿತ ಮಾತುಗಳಿವು. ಹೂಳೆತ್ತುವ ಬಂಡಿಗಳನ್ನು ಇಟ್ಟುಕೊಳ್ಳುವುದಕ್ಕಾಗಿಯೇ ದತ್ತಿ ಬಿಟ್ಟ ಉದಾಹರಣೆಗಳೂ ಉಂಟು. ನಾಡಿನ ಹಲವು ಕಡೆ ನೀರುಗಂಟಿ ಎಂಬ ಕೆಲಸಗಾರನಿದ್ದನು. ಏರಿಯ ಮೇಲೆ ನಡೆದಾಡಿ, ತೂಬನ್ನು ನೋಡಿಕೊಂಡು, ಬಿರುಕು ಕಂಡರೆ ಊರಿಗೆ ತಿಳಿಸುವುದು ಅವನ ಹೊಣೆ. ಈ ಕೆಲಸಕ್ಕಾಗಿ ಅವನ ಪಾಲಿನ ಕಾಳು ಅವನ ಮನೆ ಸೇರುತ್ತಿತ್ತು. ಈ ವ್ಯವಸ್ಥೆಯ ಒಳಗುಟ್ಟನ್ನು ನಾವು ಗಮನಿಸಬೇಕು. ಮುಂಜಾಗ್ರತೆಯನ್ನು ಅವರು ಜನರ ಸದ್ಬುದ್ಧಿಗೆ ಬಿಡಲಿಲ್ಲ. ಅದಕ್ಕೊಬ್ಬ ಹೊಣೆಗಾರನನ್ನೂ ಒಂದು ಖಾಯಂ ಆದಾಯವನ್ನೂ ಗೊತ್ತುಮಾಡಿದರು.

ಊರಿನ ಆರೋಗ್ಯವೂ ಇಂತಹ ಒಂದು ಕೆರೆಯೇ. ಅದಕ್ಕೂ ಏರಿಯುಂಟು, ಬಿರುಕುಗಳುಂಟು, ಬಿರುಕನ್ನು ಮುಚ್ಚಬಹುದಾದ ಬೇಸಿಗೆಯೂ ಉಂಟು. ನಮ್ಮ ಕಾಲದಲ್ಲಿಯೇ ಆ ಬಿರುಕು ಮುಚ್ಚಿದ ಒಂದು ಉದಾಹರಣೆಯನ್ನು ನೋಡೋಣ.

ನಾರುಹುಣ್ಣು ಎಂಬ ಕಾಯಿಲೆಯ ಹೆಸರನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕೇಳಿರಲಾರರು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಿಗೆ ಅದು ಚಿರಪರಿಚಿತವಾಗಿತ್ತು. ಕುಡಿಯುವ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸೂಕ್ಷ್ಮ ಜೀವಿಯೊಂದಿಗೆ ಹುಳುವಿನ ಮರಿ ಮನುಷ್ಯನ ಹೊಟ್ಟೆ ಸೇರುತ್ತಿತ್ತು. ಸುಮಾರು ಒಂದು ವರ್ಷದ ಬಳಿಕ ಅದು ಒಂದು ಮೀಟರಿನವರೆಗೂ ಉದ್ದವಾಗಿ ಬೆಳೆದು, ಬಹುತೇಕ ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಬರುತ್ತಿತ್ತು. ಅದನ್ನು ಕಡ್ಡಿಯೊಂದಕ್ಕೆ ಸುತ್ತುತ್ತ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೊರಗೆಳೆಯುವುದೊಂದೇ ಉಪಾಯವಾಗಿತ್ತು. ಉರಿ ತಾಳಲಾರದೆ ರೋಗಿಯು ಮೆಟ್ಟಿಲು ಬಾವಿಯ ನೀರಿಗೆ ಕಾಲಿಟ್ಟರೆ ಹುಳು ತನ್ನ ಮರಿಗಳನ್ನು ಆ ನೀರಿಗೇ ಬಿಡುತ್ತಿತ್ತು. ಅದೇ ನೀರನ್ನು ಊರು ಕುಡಿಯುತ್ತಿತ್ತು. ಬಿತ್ತನೆಯ ಕಾಲದಲ್ಲಿ ಮನೆಯ ದುಡಿಯುವ ಆಳು ವಾರಗಟ್ಟಲೆ ಮಲಗಿದರೆ ಆ ವರ್ಷದ ಬದುಕೇ ಕೆಡುತ್ತಿತ್ತು.

ಈ ಕಾಯಿಲೆಗೆ ಮದ್ದಿರಲಿಲ್ಲ. ಲಸಿಕೆಯಂತೂ ಇರಲೇ ಇಲ್ಲ. 1980ರ ದಶಕದ ಆರಂಭದಲ್ಲಿ ಅದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. 1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ಆಗ ಕೈಗೊಂಡ ಕ್ರಮಗಳು ಕೇಳುವುದಕ್ಕೆ ತೀರ ಸಾಮಾನ್ಯವಾದವು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಕೊಳವೆ ಬಾವಿಗಳನ್ನು ಕೊರೆದರು. ನೀರಿಗೆ ಔಷಧಿ ಹಾಕಿದರು. ಬಟ್ಟೆಯಲ್ಲಿ ಸೋಸಿ ನೀರು ಕುಡಿಯುವಂತೆ ಮನೆಮನೆಗೆ ಹೋಗಿ ಹೇಳಿದರು. ಹುಣ್ಣಿರುವವರು ನೀರಿಗೆ ಇಳಿಯದಂತೆ ನೋಡಿಕೊಂಡರು. ಕೊನೆಯ ರೋಗಿಯು 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದಲ್ಲಿ ಕಾಣಿಸಿಕೊಂಡನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಯಾವ ವೈದ್ಯನ ಶಸ್ತ್ರವೂ ಮಾಡಲಾಗದ ಕೆಲಸವನ್ನು ಒಂದು ತುಂಡು ಬಟ್ಟೆ ಹಾಗೂ ಸಾವಿರಾರು ಕಾರ್ಯಕರ್ತರ ಕಾಲ್ನಡಿಗೆ ಮಾಡಿ ಮುಗಿಸಿದವು.

ಆದರೆ ಇಂದು ಆ ಕಾರ್ಯಕರ್ತರನ್ನು ನೆನೆಯುವವರು ಯಾರು? ನಾರುಹುಣ್ಣಿನಿಂದ ನರಳದ ಕಾಲುಗಳಿಗೆ ತಾವು ನರಳಲಿಲ್ಲವೆಂಬ ಸಂಗತಿಯೇ ಗೊತ್ತಿಲ್ಲ. ಸಾವಿನ ಬಾಯಿಯಿಂದ ರೋಗಿಯನ್ನು ಉಳಿಸಿದ ವೈದ್ಯನಿಗೆ ಮನೆಯವರೆಲ್ಲರೂ ಕೈಮುಗಿಯುತ್ತಾರೆ; ಅದು ಸಹಜ, ಉಚಿತವೂ ಹೌದು. ರೋಗವೇ ಬಾರದಂತೆ ಮಾಡಿದವನಿಗೆ ಕೈಮುಗಿಯಲು ಮಾತ್ರ ಯಾರೂ ಇರುವುದಿಲ್ಲ. ಸಂಭವಿಸದ ಘಟನೆಗೆ ಸಾಕ್ಷಿಯಿಲ್ಲ, ಸ್ಮಾರಕವಿಲ್ಲ, ಉದ್ಘಾಟನೆಯೂ ಇಲ್ಲ. ಅರಿವಿಗೂ ಆಚರಣೆಗೂ ನಡುವೆ ಅಂತರ ಉಳಿಯುವುದಕ್ಕೆ ಇದೇ ಮೂಲ ಕಾರಣ. ಮುಂಜಾಗ್ರತೆಯ ಯಶಸ್ಸು ತನ್ನ ಗುರುತನ್ನು ತಾನೇ ಅಳಿಸಿಬಿಡುತ್ತದೆ. ಅಳಿಸಿದ ಮೇಲೆ, ಇದಕ್ಕೆ ಇಷ್ಟು ಹಣವೇಕೆ ಎಂಬ ಪ್ರಶ್ನೆ ಏಳುತ್ತದೆ.

ಬಿರುಕು ಕಂಡ ಕೂಡಲೇ ಎಚ್ಚರಗೊಳ್ಳಬೇಕಾದುದರ ಮಹತ್ವವನ್ನು ತಿಳಿಯಲು ನೆರೆಯ ಶಿವಮೊಗ್ಗ ಜಿಲ್ಲೆಯ ಕಡೆಗೆ ತಿರುಗೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು. ಅದೇ ವೇಳೆಗೆ ಸುತ್ತಲಿನ ಹಳ್ಳಿಗಳ ಜನರು ತೀವ್ರವಾದ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಪರಿಶೀಲಿಸಿದರು. ಮೊದಲಿಗೆ ಹಳದಿ ಜ್ವರವಿರಬಹುದೆಂಬ ಶಂಕೆಯಿತ್ತು. ಕೊನೆಗೆ ಅದು ಅದುವರೆಗೆ ಜಗತ್ತು ಅರಿಯದ ವೈರಸ್ಸೆಂದೂ ಉಣ್ಣೆಗಳ ಕಡಿತದಿಂದ ಹರಡುತ್ತದೆಂದೂ ಗೊತ್ತಾಯಿತು. ವಿಜ್ಞಾನದ ಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಅರಣ್ಯ ರೋಗವೆಂದು ಹೆಸರು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು.

ಈ ರೋಗದಲ್ಲಿ ಪ್ರಕೃತಿಯೇ ಮುನ್ಸೂಚನೆಯನ್ನು ಕೊಡುತ್ತದೆ. ಸೋಂಕು ತಗಲಿದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣೆಗಳು ಉದುರಿ ಆ ನೆಲವನ್ನೆಲ್ಲ ಅಪಾಯದ ತಾಣವಾಗಿಸುತ್ತವೆ. ಕಾಡಿನಲ್ಲಿ ಸತ್ತ ಮಂಗವೆಂದರೆ ಊರಿಗೆ ಬಂದ ಮೊದಲ ಓಲೆ. ಅದನ್ನು ಕಂಡವನು ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ಆ ಸ್ಥಳಕ್ಕೆ ಜನರೂ ದನಗಳೂ ಹೋಗದಂತೆ ತಡೆಯಬಹುದು; ಕಾಡಿಗೆ ಹೋಗಲೇಬೇಕಾದವರು ಕೈಕಾಲುಗಳಿಗೆ ಉಣ್ಣೆನಿರೋಧಕ ತೈಲವನ್ನು ಸವರಿಕೊಳ್ಳಬಹುದು; ಜ್ವರ ಬಂದವರ ರಕ್ತವನ್ನು ಕೂಡಲೇ ಪರೀಕ್ಷಿಸಬಹುದು. ಈ ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲದಿರುವುದರಿಂದ ಮೊದಲ ದಿನಗಳ ಎಚ್ಚರವೇ ಬಹುಪಾಲು ರಕ್ಷಣೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಹಲವರು ಈ ರೋಗಕ್ಕೆ ಬಲಿಯಾದರು. ಅರುವತ್ತು ವರ್ಷಗಳಿಂದ ಬಲ್ಲ ಶತ್ರುವೂ ನಾವು ಮೈಮರೆತರೆ ಮತ್ತೆ ಬಾಗಿಲಿಗೆ ಬರುತ್ತಾನೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಮುಂಜಾಗ್ರತೆಯ ಹೆಸರಿನಲ್ಲಿ ಮಾಡಿದ್ದೆಲ್ಲವೂ ಸಫಲವೆಂದು ಭಾವಿಸಬಾರದು. ಮಂಗನ ಕಾಯಿಲೆಗೆ 1990ರಿಂದ ಲಸಿಕೆಯೊಂದು ಬಳಕೆಯಲ್ಲಿತ್ತು. ಅದು ಕೊಡುವ ರಕ್ಷಣೆ ಸಾಲದೆಂದು ಪರೀಕ್ಷೆಗಳಿಂದ ಕಂಡುಬಂದುದರಿಂದ ಇತ್ತೀಚಿನ ವರ್ಷಗಳಲ್ಲಿ ಅದನ್ನು ನಿಲ್ಲಿಸಲಾಯಿತು. ಏರಿಗೆ ಹಾಕಿದ ಮಣ್ಣು ಗಟ್ಟಿಯಾಗಿದೆಯೇ ಎಂದು ತುಳಿದು ನೋಡಬೇಕು. ಹಾಗೆ ನೋಡಿ, ಸಡಿಲವಾದುದನ್ನು ತೆಗೆದುಹಾಕುವುದೂ ಮುಂಜಾಗ್ರತೆಯ ಒಂದು ಭಾಗವೇ.

ಮಹಾಮಾರಿಗಳು ಮಾತ್ರವೇ ಏರಿಯನ್ನು ಒಡೆಯುವುದಿಲ್ಲ. ಸದ್ದಿಲ್ಲದೆ ಬೆಳೆಯುವ ಬಿರುಕುಗಳು ಮನೆಮನೆಯಲ್ಲಿಯೂ ಇವೆ. ಗರ್ಭಿಣಿಯ ರಕ್ತಹೀನತೆ ಮೂರನೆಯ ತಿಂಗಳಿನಲ್ಲಿ ಗೊತ್ತಾದರೆ ಕಬ್ಬಿಣಾಂಶದ ಮಾತ್ರೆ ಹಾಗೂ ಸೊಪ್ಪು ಕಾಳುಗಳಿಂದ ಸರಿಪಡಿಸಬಹುದು. ಹೆರಿಗೆಯ ರಾತ್ರಿ ಗೊತ್ತಾದರೆ ರಕ್ತಕ್ಕಾಗಿ ದೂರದ ಪಟ್ಟಣಕ್ಕೆ ಓಡಬೇಕು. ತಾಯಿ ದಾರಿಯಲ್ಲಿಯೇ ಕಣ್ಮುಚ್ಚಬಹುದು. ಮಗುವಿನ ತೂಕ ಎರಡು ತಿಂಗಳು ಏರದೆ ನಿಂತರೆ ಅಂಗನವಾಡಿಯ ಪಟ್ಟಿಯಲ್ಲಿನ ಗೆರೆ ಅದನ್ನು ತೋರಿಸಿಬಿಡುತ್ತದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ತಿರುಳು ಇದೇ: ಮಗು ಬಡಕಲಾಗಿ ಆಸ್ಪತ್ರೆ ಸೇರುವ ಮೊದಲೇ ಅದನ್ನು ಗುರುತಿಸುವುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಮಾತ್ರೆಯನ್ನು ಎಷ್ಟೋ ವಿದ್ಯಾರ್ಥಿಗಳು ಕಿಟಕಿಯಿಂದಾಚೆ ಎಸೆಯುವುದುಂಟು. ತಮಗೇನೂ ರೋಗವಿಲ್ಲವಲ್ಲ ಎಂಬುದು ಅವರ ವಾದ. ರೋಗವಿಲ್ಲದಾಗ ತೆಗೆದುಕೊಳ್ಳುವುದರಲ್ಲಿಯೇ ಅದರ ಅರ್ಥವಿದೆ ಎಂಬುದನ್ನು ಅವರಿಗೆ ತಿಳಿಸುವವರು ಬೇಕು.

ಹಾಗಾದರೆ ಇಂದಿನ ನೀರುಗಂಟಿ ಯಾರು? 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆ, ಅಂಗನವಾಡಿಯ ಕಾರ್ಯಕರ್ತೆ, ಉಪಕೇಂದ್ರದ ಆರೋಗ್ಯ ಸಹಾಯಕಿ, ಇವರೇ ನಮ್ಮ ಊರಿನ ಏರಿಯ ಮೇಲೆ ದಿನವೂ ನಡೆದಾಡುವವರು. ಯಾರ ಮನೆಯಲ್ಲಿ ಕೆಮ್ಮು ಎರಡು ವಾರ ಮೀರಿತು, ಯಾವ ಮಗುವಿಗೆ ಲಸಿಕೆ ತಪ್ಪಿತು, ಯಾವ ಬಸುರಿಯ ಕಾಲು ಊದಿತು ಎಂಬುದನ್ನು ಮೊದಲು ಕಾಣುವವರು ಇವರು. ಹೀಗಿದ್ದರೂ ಆಶಾ ಕಾರ್ಯಕರ್ತೆಯನ್ನು ನಮ್ಮ ವ್ಯವಸ್ಥೆಯು ಸಂಬಳದ ನೌಕರಳೆಂದು ಎಣಿಸಿಲ್ಲ. ಸ್ವಯಂಸೇವಕಿಯೆಂದು ಕರೆದು ಗೌರವಧನವನ್ನೂ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನವನ್ನೂ ಕೊಡುತ್ತದೆ. ನೀರುಗಂಟಿಗೆ ಕಾಳು ಅಳೆದ ನಾಡು ನಮ್ಮದು. ಕಾಯುವ ಕೆಲಸಕ್ಕೆ ಖಾಯಂ ಬಿತ್ತುವಟ್ಟ ಬೇಕೆಂಬ ಹಳೆಯ ವಿವೇಕವನ್ನು ನಾವು ಇಲ್ಲಿ ಮರೆತಿದ್ದೇವೆಂದೇ ನನ್ನ ಅಭಿಪ್ರಾಯ.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ನರಳುತ್ತಿರುವ ರೋಗಿ ಎದುರಿಗಿರುವಾಗ ಮುಂದೆಂದೋ ಬರಬಹುದಾದ ರೋಗಕ್ಕೆ ಹಣವನ್ನು ತೆಗೆದಿಡುವುದು ನ್ಯಾಯವೇ ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆಸ್ಪತ್ರೆ ಬೇಡವೆಂದು ಯಾವ ವಿವೇಕಿಯೂ ಹೇಳುವುದಿಲ್ಲ. ಒಡೆದ ಏರಿಯನ್ನು ಕಟ್ಟಲೇಬೇಕು. ಆದರೆ ಒಡೆದುದನ್ನು ಕಟ್ಟುವುದರಲ್ಲಿಯೇ ಎಲ್ಲ ಹಣವೂ ಎಲ್ಲ ಕೈಗಳೂ ಮುಗಿದುಹೋದರೆ ಮರುವರ್ಷ ಇನ್ನೆರಡು ಕಡೆ ಒಡೆಯುತ್ತದೆ. ಬಡವನ ಮನೆಯನ್ನು ಸಾಲಕ್ಕೆ ನೂಕುವುದು ತಡವಾಗಿ ತಿಳಿದ ರೋಗವೇ. ಎತ್ತು ಮಾರಿ, ಹೊಲ ಅಡವಿಟ್ಟು ಚಿಕಿತ್ಸೆ ಪಡೆದ ಕುಟುಂಬಗಳು ಯಾವ ಊರಿನಲ್ಲಿಲ್ಲ? ಮುಂಜಾಗ್ರತೆಯಿಂದ ಹೆಚ್ಚಿನ ಪ್ರಯೋಜನ ದೊರೆಯುವುದು ಚಿಕಿತ್ಸೆಗೆ ದುಡ್ಡಿಲ್ಲದವನಿಗೇ. ಆದುದರಿಂದ ಇದು ಉಳಿತಾಯದ ಲೆಕ್ಕ ಮಾತ್ರವಲ್ಲ, ನ್ಯಾಯದ ಮಾತೂ ಹೌದು.

ಗ್ರಾಮಸಭೆಯಲ್ಲಿ ರಸ್ತೆ, ದೀಪಗಳ ಜೊತೆಗೆ, ಕುಡಿಯುವ ನೀರಿನ ಪರೀಕ್ಷೆ ಯಾವಾಗ ನಡೆಯಿತು, ತೂಕ ಏರದ ಮಕ್ಕಳು ಎಷ್ಟು ಮಂದಿ, ಲಸಿಕೆ ತಪ್ಪಿದವರು ಯಾರು ಎಂಬ ಪ್ರಶ್ನೆಗಳೂ ಕೇಳಿಬರಲಿ. ರೋಗವಿಲ್ಲದ ವರ್ಷವನ್ನು ಏನೂ ನಡೆಯದ ವರ್ಷವೆಂದು ತಿಳಿಯದೆ, ಯಾರೋ ಎಚ್ಚರವಾಗಿದ್ದ ವರ್ಷವೆಂದು ತಿಳಿಯುವುದನ್ನು ನಾವು ಕಲಿಯೋಣ. ನಾಳಿನ ನಾಗರಿಕರಾದ ವಿದ್ಯಾರ್ಥಿಗಳಲ್ಲಿ ಕೆಲವರು ವೈದ್ಯರಾಗಬಹುದು, ಕೆಲವರು ಪಂಚಾಯಿತಿಯ ಸದಸ್ಯರಾಗಬಹುದು. ಎಲ್ಲರೂ ಒಂದಲ್ಲ ಒಂದು ಊರಿನ ನೀರು ಕುಡಿಯುವವರೇ. ಮಳೆಗಾಲ ತಪ್ಪದೆ ಬರುತ್ತದೆ. ಬುಟ್ಟಿ ಮಣ್ಣು ಹೊತ್ತು ಏರಿಯ ಮೇಲೆ ನಡೆಯಬೇಕಾದುದು ಬಿಸಿಲಿರುವಾಗಲೇ.