ಬೇಸಿಗೆಯ ವಿದೇಶ ಪ್ರವಾಸಕ್ಕೆ ಸಮಾಜದ ನೆರವು: ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಬಸದಿ ಸಮಿತಿ, ಮಹಿಳಾ ಸಮಾಜ, ಯುವಕ ಸಂಘಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಮನವಿ ಹರಿದಾಡತೊಡಗುತ್ತದೆ. ಒಬ್ಬ ವಿದ್ಯಾರ್ಥಿಯ ಫೋಟೋ, ಇಂಗ್ಲಿಷಿನಲ್ಲಿರುವ ಒಂದು ಆಯ್ಕೆಪತ್ರ, ಬ್ಯಾಂಕ್ ಖಾತೆಯ ಸಂಖ್ಯೆ. ನಮ್ಮ ಸಮಾಜದ ಮಗು ಬೇಸಿಗೆಯಲ್ಲಿ ಅಮೆರಿಕಕ್ಕೋ ಯುರೋಪಿಗೋ ಹೋಗುವ ಅವಕಾಶ ಪಡೆದಿದೆ, ಕೈಲಾದಷ್ಟು ಸಹಾಯ ಮಾಡಿ ಎಂಬ ಒಕ್ಕಣೆ. ಕೆಲವರು ತಕ್ಷಣ ಸಾವಿರ, ಎರಡು ಸಾವಿರ ಕಳಿಸುತ್ತಾರೆ. ಉಳಿದವರು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈ ಮನವಿಗಳ ಭಾರ ಬೇರೆಯೇ. ಇಲ್ಲಿ ನಮ್ಮ ಮನೆಗಳು ಅಲ್ಲೊಂದು ಇಲ್ಲೊಂದು. ಹೊಂಬುಜದ ರಥೋತ್ಸವದಲ್ಲಿ ಎಲ್ಲರೂ ಎಲ್ಲರನ್ನೂ ಕಾಣುತ್ತಾರೆ. ಹೀಗಿರುವಾಗ ಇಲ್ಲ ಎನ್ನುವುದು ಕಷ್ಟ, ಕೊಟ್ಟ ಮೇಲೆ ಲೆಕ್ಕ ಕೇಳುವುದು ಇನ್ನೂ ಕಷ್ಟ. ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಹರಡಿ ಫಸಲು ಕಳೆದುಕೊಂಡ ಮನೆಗಳವರೂ ಮುಖದಾಕ್ಷಿಣ್ಯಕ್ಕೆ ಕೊಡುತ್ತಾರೆ. ಕೇಳುವ ಮನೆಯವರೂ ಅಷ್ಟೇ ಸಂಕೋಚದಿಂದ ಕೇಳಿರುತ್ತಾರೆ. ಆದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಸಮಾಜವು ತನ್ನ ತರುಣನೊಬ್ಬನನ್ನು ಸಮುದ್ರದಾಚೆ ಕಳಿಸುವುದು ಜೈನರಿಗೆ ಹೊಸತಲ್ಲ. 1893ರಲ್ಲಿ ಚಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದದ್ದು ಆಚಾರ್ಯ ಆತ್ಮಾರಾಮರಿಗೆ. ಮುನಿಗಳಾದ ಅವರು ಹೋಗುವಂತಿರಲಿಲ್ಲ. ಅವರ ಬದಲು ಹೋದವರು ಜೈನ್ ಅಸೋಸಿಯೇಷನ್ ಆಫ್ ಇಂಡಿಯಾದ ಕಾರ್ಯದರ್ಶಿಯಾಗಿದ್ದ ವೀರಚಂದ್ ರಾಘವ್‌ಜೀ ಗಾಂಧಿ. ಆಗ ಅವರಿಗೆ 29 ವರ್ಷ. ಸಮುದ್ರ ದಾಟುವುದೇ ತಪ್ಪೆಂದು ಸಮಾಜದೊಳಗೆ ವಿರೋಧವೂ ಎದ್ದಿತ್ತು. ಆದರೂ ಆ ಪ್ರಯಾಣದಲ್ಲಿ ಯಾರಿಗೂ ಒಂದು ಅನುಮಾನವಿರಲಿಲ್ಲ: ಕರೆದವರು ಯಾರು, ಹೋಗುವುದು ಏತಕ್ಕೆ ಎಂಬುದು ಸ್ಪಷ್ಟವಿತ್ತು. ಇಂದಿನ ಮನವಿಗಳಲ್ಲಿ ಅನೇಕ ಸಲ ಕಾಣೆಯಾಗಿರುವುದು ಅದೇ.

ಈಗ ವಿದ್ಯಾರ್ಥಿಗಳ ಬೇಸಿಗೆ ಪ್ರವಾಸಗಳಲ್ಲಿ ಮೂರು ಬಗೆಗಳಿವೆ, ಮೂರಕ್ಕೂ ‘ಆಯ್ಕೆ’ ಎಂಬ ಒಂದೇ ಪದ ಬಳಕೆಯಾಗುತ್ತಿದೆ. ಮೊದಲನೆಯದರಲ್ಲಿ ಕರೆಯುವವರೇ ಖರ್ಚು ಹೊರುತ್ತಾರೆ. ಜರ್ಮನಿಯ ಡಾಡ್ ಸಂಸ್ಥೆಯ ‘ವೈಸ್’ ಯೋಜನೆ, ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್, ಫ್ರೆಂಚ್ ರಾಯಭಾರ ಕಚೇರಿಯ ಶಾರ್ಪಾಕ್ ವಿದ್ಯಾರ್ಥಿವೇತನ ಇಂಥವು. ನಮ್ಮ ಕಾಲೇಜು ವಿದ್ಯಾರ್ಥಿಗಳು ಇವುಗಳ ಮೂಲಕ ಕೆಲವು ತಿಂಗಳು ಅಲ್ಲಿನ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ ಬರುತ್ತಾರೆ. ಶಾಲಾ ಮಕ್ಕಳಿಗೂ ದಾರಿಯಿದೆ: ಕೇಂದ್ರದ ಇನ್‌ಸ್ಪೈರ್ ಮಾನಕ್ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳು ಜಪಾನಿನ ಸಕುರಾ ವಿಜ್ಞಾನ ವಿನಿಮಯದಡಿ ಹೋಗಿಬಂದಿದ್ದಾರೆ. ಇವರಿಗೆ ಸಮಾಜ ಕೊಡಬೇಕಾದದ್ದು ಕಡಿಮೆ. ಪಾಸ್‌ಪೋರ್ಟ್, ಬಟ್ಟೆಬರೆ, ಮೊದಲ ತಿಂಗಳ ಕೈಖರ್ಚು, ಅಷ್ಟೇ.

ಎರಡನೆಯದು ವಿಶ್ವವಿದ್ಯಾಲಯಗಳು ಶುಲ್ಕ ಪಡೆದು ನಡೆಸುವ ಬೇಸಿಗೆ ಶಾಲೆಗಳು. ಓದು ನಿಜ, ಆದರೆ ಶುಲ್ಕ ಕಟ್ಟಬಲ್ಲ ಬಹುತೇಕರಿಗೆ ಅಲ್ಲಿ ಜಾಗವಿದೆ. ಮೂರನೆಯದು ಅಪ್ಪಟ ಪ್ರವಾಸದ ಪ್ಯಾಕೇಜ್. ‘ನಾಸಾಗೆ ಆಯ್ಕೆ’ ಎಂಬ ಸುದ್ದಿಗಳಲ್ಲಿ ಬಹಳಷ್ಟು ಈ ಜಾತಿಗೆ ಸೇರಿದವು. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದ ಸಂದರ್ಶಕರ ಸಂಕೀರ್ಣಕ್ಕೆ ಟಿಕೆಟ್ ಕೊಂಡ ಯಾರೂ ಹೋಗಬಹುದು. ಹಂಟ್ಸ್‌ವಿಲ್‌ನಲ್ಲಿರುವ ಪ್ರಸಿದ್ಧ ಸ್ಪೇಸ್ ಕ್ಯಾಂಪ್ ನಡೆಸುವುದು ಅಲ್ಲಿನ ಒಂದು ವಸ್ತುಸಂಗ್ರಹಾಲಯವೇ ಹೊರತು ನಾಸಾ ಅಲ್ಲ. ಮಕ್ಕಳು ನೋಡಿ ಬರಲಿ, ತಪ್ಪೇನಿಲ್ಲ. ಆದರೆ ಅದು ತಂದೆತಾಯಿ ತಮ್ಮ ಹಣದಲ್ಲಿ ಮಾಡಿಸುವ ಪ್ರವಾಸ. ಸಮಾಜದ ಮುಂದೆ ಜೋಳಿಗೆ ಹಿಡಿಯುವಂಥದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಪತ್ರದ ಮೇಲಿನ ಹೆಸರು ನೋಡಿ ಮಗುವನ್ನು ತೂಗಲೂಬಾರದು. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳ ಕಥೆ ನೆನಪಿರಬಹುದು. ಗೇರುಬೀಜ ಮಾರಿ ಮನೆ ನಡೆಸುತ್ತಿದ್ದ ಆಕೆ ಒಂದು ಖಾಸಗಿ ಸ್ಪರ್ಧೆ ಗೆದ್ದು 2020ರಲ್ಲಿ ನಾಸಾ ನೋಡಲು ಹೋಗುವ ಅವಕಾಶ ಪಡೆದಳು. ಖರ್ಚು ಮಾತ್ರ ಅವಳದೇ, ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಸುದ್ದಿ ಹರಡಿ ಹಣ ಕೂಡಿತು. ಆಮೇಲೆ ಗ್ರಾಮಾಲಯ ಎಂಬ ಸಂಸ್ಥೆಯೂ ನೆರವಿಗೆ ಬಂದಾಗ, ತನ್ನ ಪ್ರಯಾಣಕ್ಕೆ ಸಾಕಾಗುವಷ್ಟು ಬಂದಿದೆ, ನಮ್ಮೂರಿಗೆ ಶೌಚಾಲಯ ಕಟ್ಟಿಸಿಕೊಡಿ ಎಂದಳು. 126 ಮನೆಗಳಿಗೆ ಶೌಚಾಲಯವಾಯಿತು. ಪ್ರವಾಸ ಕೊರೊನಾದಿಂದ ಮುಂದಕ್ಕೆ ಹೋಯಿತು. ಸಾಕು ಎಂದು ಹೇಳಿದಳಲ್ಲ, ಅದು ದೊಡ್ಡದು. ನಾವು ನೋಡುವ ಎಷ್ಟು ಮನವಿಗಳಲ್ಲಿ ‘ಇಷ್ಟು ಬೇಕು, ಇಷ್ಟು ಬಂದಿದೆ, ಇನ್ನು ಕಳಿಸಬೇಡಿ’ ಎಂಬ ಸಾಲು ಇರುತ್ತದೆ?

ನಮ್ಮ ರಾಜ್ಯದಲ್ಲೇ, ಅದೇ 2020ರಲ್ಲಿ, ಡ್ರೋನ್ ಹೆಸರಿನಲ್ಲಿ ಮನೆಮಾತಾಗಿದ್ದ ಯುವಕನೊಬ್ಬನ ವಿದೇಶಿ ಸಾಧನೆಯ ಹೇಳಿಕೆಗಳನ್ನು ಸುದ್ದಿ ಪರಿಶೀಲಕರು ಪ್ರಶ್ನಿಸಿದ್ದರು. ಹಾರ ಹಾಕುವ ಮೊದಲು ಯಾರೂ ಒಂದು ಇಮೇಲ್ ಕಳಿಸಿ ವಿಚಾರಿಸಿರಲಿಲ್ಲ ಎಂಬುದೇ ಅಂದಿನ ಚರ್ಚೆಯ ತಿರುಳು.

ಇನ್ನು ಹಣದ ವಿಷಯ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಉಡುಗೊರೆಯಾಗಿ ಬಂದರೆ ಪೂರ್ತಿ ಮೊತ್ತವೂ ಪಡೆದವರ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ. ನೂರು ಜನ ಸಾವಿರದಂತೆ ಕೊಟ್ಟರೂ ಅದೇ ನಿಯಮ. ಮನವಿ ಹಾಕುವ ಮನೆಗಳಲ್ಲಿ ಇದು ಗೊತ್ತಿರುವುದು ಕಡಿಮೆ. ಹೀಗೆ ವ್ಯಕ್ತಿಗೆ ನೇರವಾಗಿ ಕೊಟ್ಟ ಹಣಕ್ಕೆ ದಾನಿಗೆ 80ಜಿ ರಿಯಾಯಿತಿಯೂ ಸಿಗದು. ನೋಂದಾಯಿತ ಟ್ರಸ್ಟ್ ಮೂಲಕ ವಿದ್ಯಾರ್ಥಿಗೆ ನೆರವು ಹೋದರೆ ಎರಡೂ ತೊಡಕು ತಗ್ಗುತ್ತವೆ. ಆದರೆ ಟ್ರಸ್ಟ್ ತನ್ನ ಹಣವನ್ನು ವಿದೇಶದಲ್ಲಿ ವ್ಯಯಿಸುವುದಕ್ಕೆ ಬೇರೆ ನಿರ್ಬಂಧಗಳಿರುವುದರಿಂದ ಟ್ರಸ್ಟಿಗಳು ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಬೇಕು.

ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ 2020ರ ಅಕ್ಟೋಬರ್‌ನಿಂದ ಮಾರಾಟಗಾರರೇ ಅದರ ಮೇಲೆ ತೆರಿಗೆ ಮುಂಗಡವಾಗಿ ಹಿಡಿಯುತ್ತಾರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತ ಬಂದಿದೆ. ಈ ಹಣ ವಾಪಸ್ ಬರುವಂಥದ್ದೇ, ಆದರೆ ರಿಟರ್ನ್ ಸಲ್ಲಿಸಬೇಕು. ಕೃಷಿ ಆದಾಯವೊಂದೇ ಇದ್ದು ಎಂದೂ ರಿಟರ್ನ್ ಹಾಕದ ಅಡಿಕೆ ಬೆಳೆಗಾರರು ಇದನ್ನು ಬಿಟ್ಟೇಬಿಡುತ್ತಾರೆ.

ಸರ್ಕಾರದ ಕಡೆ ನೋಡಿದರೆ ಬೇಸಿಗೆ ಪ್ರವಾಸಕ್ಕೆ ಹೆಚ್ಚೇನೂ ಇಲ್ಲ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿದ ಮೇಲೆ ‘ಪಢೋ ಪರ್ದೇಶ್’ ಬಡ್ಡಿ ಸಹಾಯಧನ ನಮಗೂ ದೊರೆಯುತ್ತಿತ್ತು. ಕೇಂದ್ರ ಅದನ್ನು 2022-23ರಿಂದ ನಿಲ್ಲಿಸಿತು. ರಾಜ್ಯ ಅಲ್ಪಸಂಖ್ಯಾತರ ಇಲಾಖೆಯ ವಿದೇಶಿ ವಿದ್ಯಾರ್ಥಿವೇತನ ಸ್ನಾತಕೋತ್ತರ, ಪಿಎಚ್‌ಡಿ ಓದಿಗೆ. ಆರು ವಾರದ ಓದಿಗೆ ಹಣ ಹುಡುಕುವವರು ಸಮಾಜದ ಬಾಗಿಲಿಗೇ ಬರುತ್ತಾರೆ, ಸಹಜ.

ದೂರದ ಹಳ್ಳಿಯ ಮಗುವಿಗೆ ಈ ಖರ್ಚು ವಿಮಾನ ಹತ್ತುವ ಮೊದಲೇ ಶುರು. ತಾಳಗುಪ್ಪ ಸಮೀಪದ ಹೊನ್ನೆಮರಡುವನ್ನೇ ತೆಗೆದುಕೊಳ್ಳಿ, ಶರಾವತಿ ಹಿನ್ನೀರಿನ ದಂಡೆಯ ಊರು. ಅಲ್ಲಿಂದ ಹೊರಟವರು ಪಾಸ್‌ಪೋರ್ಟಿಗೆ ಒಮ್ಮೆ, ವೀಸಾಕ್ಕೆ ಬೆಂಗಳೂರಿಗೋ ಚೆನ್ನೈಗೋ ಒಮ್ಮೆ, ಜೊತೆಗೊಬ್ಬ ಹಿರಿಯರು. ವೀಸಾ ಸಿಗದಿದ್ದರೂ ಶುಲ್ಕ ಮರಳದು. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯುರೋ ವೈದ್ಯಕೀಯ ವಿಮೆ ತೋರಿಸಬೇಕು. ಬೇಸಿಗೆ ಎಂದರೂ ಅದು ಅವರ ಬೇಸಿಗೆ, ಜೂನ್‌ನಿಂದ ಆಗಸ್ಟ್. ನಮ್ಮಲ್ಲಿ ಪಿಯು ತರಗತಿ ಶುರುವಾಗಿ ಮಳೆ ಹಿಡಿದಿರುತ್ತದೆ. ಚಾತುರ್ಮಾಸದ ನಿಯಮ ಪಾಲಿಸುವ ಮನೆಯ ಮಕ್ಕಳು ಊಟದ ವ್ಯವಸ್ಥೆಯನ್ನು ಹಣ ಕಟ್ಟುವ ಮೊದಲೇ ಬರೆದು ಕೇಳಬೇಕು.

ಹೊನ್ನೆಮರಡುವಿನ ಹೆಸರು ತಂದದ್ದಕ್ಕೆ ಇನ್ನೊಂದು ಕಾರಣವಿದೆ. ಹಲವು ವಿದೇಶಿ ಬೇಸಿಗೆ ಶಿಬಿರಗಳು ಮಾರುವ ಸರಕು ‘ನಾಯಕತ್ವ, ತಂಡದ ಬದುಕು, ಧೈರ್ಯ’. ಅದನ್ನೇ ಕಲಿಯಲು ಬೆಂಗಳೂರಿನ ವಿದ್ಯಾರ್ಥಿಗಳು ಇದೇ ಹೊನ್ನೆಮರಡುವಿನ ಸಾಹಸ ಶಿಬಿರಕ್ಕೆ ಬಂದು ತೆಪ್ಪ, ಕಯಾಕ್ ನಡೆಸಿ, ಹಿನ್ನೀರಿನ ನಡುಗಡ್ಡೆಯಲ್ಲಿ ರಾತ್ರಿ ಕಳೆದು ಹೋಗುತ್ತಾರೆ. ಸಾಗರದ ಹುಡುಗ ಅದಕ್ಕಾಗಿ ಸಮುದ್ರ ದಾಟಬೇಕೇ? ಪ್ರಯೋಗಾಲಯ, ಗ್ರಂಥಾಲಯ, ಗುರು, ಭಾಷೆ ಇಂಥ ಇಲ್ಲಿ ಸಿಗದ ಕಾರಣವೊಂದಿದ್ದರೆ ಮಾತು ಬೇರೆ. ತೀರ್ಥಹಳ್ಳಿಯ ಯು. ಆರ್. ಅನಂತಮೂರ್ತಿ 1963ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ, ಓದಿನ ಕೆಲಸಕ್ಕೆ.

ಮನವಿ ಬಂದಾಗ ಬಸದಿ ಸಮಿತಿಯೊಬ್ಬರು ಕುಳಿತು ನಾಲ್ಕು ಮಾತು ಕೇಳಿದರೆ ಮಗುವಿನ ಮಾನಕ್ಕೆ ಕುಂದಿಲ್ಲ: ಕರೆದವರು ಎಷ್ಟು ಬಿಟ್ಟುಕೊಟ್ಟಿದ್ದಾರೆ, ಮನೆಯವರು ಎಷ್ಟು ಹಾಕುತ್ತಿದ್ದಾರೆ, ವೀಸಾ ಸಿಗದಿದ್ದರೆ ಹಣ ಎಲ್ಲಿಗೆ, ಮರಳಿದ ಮೇಲೆ ಲೆಕ್ಕ ಯಾರ ಕೈಗೆ. ಶುಲ್ಕವನ್ನು ಖಾತೆಗೆ ಹಾಕುವ ಬದಲು ಅದರ ರಸೀದಿ ನೋಡಿ ಕೊಡುವುದು ಇಬ್ಬರಿಗೂ ಸಲೀಸು. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಐದನೆಯ, ಆರನೆಯ ಪ್ರಶ್ನೆಗಳು ಹುಟ್ಟಿಕೊಳ್ಳುವುದನ್ನು ಕಂಡಿದ್ದೇನೆ. ಅವು ಗಂಡುಮಕ್ಕಳಿಗೂ ಇರಲಿ, ಇಲ್ಲವಾದರೆ ಯಾರಿಗೂ ಬೇಡ.

ಇನ್ನೊಂದು ಸಂಗತಿ ಮಾರ್ಚ್ ತಿಂಗಳದ್ದು. ಖರ್ಚು ಕೊಟ್ಟು ಕರೆಸಿಕೊಳ್ಳುವ ಮುಖ್ಯ ಯೋಜನೆಗಳ ಅರ್ಜಿ ಮುಗಿಯುವುದು ಹಿಂದಿನ ವರ್ಷದ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ. ಮಾರ್ಚ್‌ನಲ್ಲಿ ಹಣ ಕೇಳುತ್ತಿರುವ ಮಗು ಆ ಬಾಗಿಲುಗಳನ್ನು ತಟ್ಟಿಯೇ ಇರಲಾರದು, ಯಾಕೆಂದರೆ ಅವು ಇವೆಯೆಂದು ಯಾರೂ ಹೇಳಿರಲಿಲ್ಲ. ಪರ್ಯೂಷಣ, ದಶಲಕ್ಷಣ ಪರ್ವದ ದಿನಗಳಲ್ಲಿ ಬಸದಿಗೆ ಎಲ್ಲ ಮನೆಯವರೂ ಬರುತ್ತಾರೆ, ಅದೂ ಸರಿಯಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲೇ. ಇಂಜಿನಿಯರಿಂಗ್, ವಿಜ್ಞಾನ ಪದವಿ ಓದುವ ಮಕ್ಕಳನ್ನು ಅಂದೇ ಒಂದು ಗಂಟೆ ಕೂಡಿಸಿ ಅರ್ಜಿ ತುಂಬಿಸಬಹುದು. ಹೋಗಿಬಂದ ಹಿರಿಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ಫೋನಿನಲ್ಲಿ ಸಿಕ್ಕರೂ ಸಾಕು.