ಮುಟ್ಟದೆ ತಗಲುವ ಸೋಂಕು

ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಶ್ವಾಸಕೋಶದ ಬೇನೆಯಿಂದ ಆಸ್ಪತ್ರೆ ಸೇರಿದ್ದನು. ಅವನನ್ನು ನೋಡಲು ಹೋದ ನಾನು ಮಾಡಿದ ಮೊದಲ ಉಪಕಾರವೆಂದರೆ ಮಂಚದ ಬಳಿಯ ಕಿಟಕಿಯನ್ನು ಮುಚ್ಚಿದ್ದು. ಹುಡುಗನಿಗೆ ಥಂಡಿ ತಗಲೀತೆಂಬ ಭಯ. ದಾದಿಯೊಬ್ಬರು ಬಂದು, ಒಂದು ಮಾತೂ ಆಡದೆ, ಅದನ್ನು ತೆರೆದು ಹೋದರು. ನನಗೆ ತುಸು ಮುಖಭಂಗವಾಯಿತು. ಕಾರಣವನ್ನು ತಿಳಿದ ಮೇಲೆ, ಅದು ಆಗಬೇಕಾದದ್ದೇ ಎನಿಸಿತು.

ತಪ್ಪಿನಲ್ಲಿ ನಮ್ಮ ನುಡಿಗೂ ಒಂದು ಪಾಲಿದೆಯೇನೋ. ಸೋಂಕು ಎಂದರೆ ಮೂಲತಃ ಸ್ಪರ್ಶ. ರೋಗವು ಮುಟ್ಟಿದರೆ ಬರುವುದೆಂದು ಆ ಪದವೇ ನಮಗೆ ಪಾಠ ಹೇಳಿಬಿಟ್ಟಿದೆ. ಇನ್ನು 'ಗಾಳಿ ಸೋಕಿತು' ಎಂದರೆ ಭೂತಚೇಷ್ಟೆ! ಹೀಗಾಗಿ ಹೊರಗಿನ ಗಾಳಿ ನಮಗೆ ಹಗೆ, ಒಳಗಿನ ಗಾಳಿ ನೆಂಟ. ರೋಗಿಗಳ ಕೊಠಡಿಯಲ್ಲಿ ಮಾತ್ರ ನಿಜಸ್ಥಿತಿ ಇದಕ್ಕೆ ವಿರುದ್ಧವಾದುದು. ಕ್ಷಯರೋಗಿಯು ಕೆಮ್ಮಿದಾಗ ಹೊಮ್ಮುವ ಸೂಕ್ಷ್ಮ ಹನಿಗಳು ಒಣಗಿ ಕಣಗಳಾಗಿ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲಬಲ್ಲವು. ಯಾರನ್ನೂ ಮುಟ್ಟದೆ ದೂರದ ಮಂಚದಲ್ಲಿ ಮಲಗಿರುವವನೂ ಅವನ್ನು ಉಸಿರಾಡಬಹುದು. ದಡಾರದ ಮಾತೂ ಇದೇ.

ಇದು ಊಹೆಯಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯರೋಗಿಗಳ ಕೊಠಡಿಯ ಗಾಳಿಯನ್ನು ಕೊಳವೆಗಳ ಮೂಲಕ ಗಿನಿಯಿಲಿಗಳ ಗೂಡಿಗೆ ಹಾಯಿಸಿದರು. ರೋಗಿಗಳ ಮುಖವನ್ನೇ ಕಾಣದ ಆ ಪ್ರಾಣಿಗಳಿಗೆ ಕ್ಷಯ ತಗಲಿತು. ಅತಿನೇರಳೆ ಕಿರಣಗಳನ್ನು ಹಾಯ್ದು ಬಂದ ಗಾಳಿಯನ್ನು ಉಸಿರಾಡಿದ ಇನ್ನೊಂದು ಗುಂಪು ಪಾರಾಯಿತು.

ಹಾಗಾದರೆ ಪರಿಹಾರವೇನು? ಕೆಮ್ಮುವವರನ್ನು ಬೇಗ ಗುರುತಿಸಿ ಬೇರೆ ಇರಿಸುವುದು, ರೋಗಿಗೆ ಮುಖಗವಸು, ಶುಶ್ರೂಷಕರಿಗೆ ಸೂಕ್ಷ್ಮಕಣಗಳನ್ನು ತಡೆಯುವ ಎನ್-95 ಗವಸು, ಎಲ್ಲಕ್ಕೂ ಮಿಗಿಲಾಗಿ ಗಾಳಿಯ ಸಂಚಾರ. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಬೆರಗಾಗಿಸುವಂತಿದೆ. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟಾಗ, 1950ಕ್ಕೆ ಮುಂಚೆ ಕಟ್ಟಿದ ಎತ್ತರದ ಚಾವಣಿಯ ಕೊಠಡಿಗಳಲ್ಲಿ ಗಾಳಿಯು ಗಂಟೆಗೆ ಸುಮಾರು 40 ಸಲ ಬದಲಾಗುತ್ತಿತ್ತು. ಈಚಿನ ಕಟ್ಟಡಗಳಲ್ಲಿ 17 ಸಲ. ಯಂತ್ರದಿಂದ ಗಾಳಿಯಾಡಿಸುವ ಪ್ರತ್ಯೇಕ ಕೊಠಡಿಗಳ ಪ್ರಮಾಣವೋ 12. ಅಜ್ಜನ ಕಾಲದ ಕಟ್ಟಡ ಮೊಮ್ಮಗನದಕ್ಕಿಂತ ಆರೋಗ್ಯಕರವಾಗಿತ್ತು!

ಕಿಟಕಿಯೊಂದೇ ಸರ್ವೌಷಧವೆಂದು ನಾನು ವಾದಿಸುವುದಿಲ್ಲ. ಗಾಳಿ ನಿಂತುಹೋಗುವ ದಿನಗಳಿವೆ, ಸೊಳ್ಳೆಗಳಿವೆ, ನಡುಗುವ ಮುದುಕರಿದ್ದಾರೆ. ನಡುಗುವವರಿಗೆ ಇನ್ನೊಂದು ಕಂಬಳಿ ಕೊಡಬಹುದು. ಶಸ್ತ್ರಚಿಕಿತ್ಸೆಯ ಕೋಣೆಗೆ ಶೋಧಿಸಿದ ಗಾಳಿಯೇ ಬೇಕು. ನನ್ನ ಆಕ್ಷೇಪಣೆ, ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಒಳಗೇ ಸುತ್ತಿಸುವ ಯಂತ್ರವನ್ನು ಪ್ರಗತಿಯ ಲಕ್ಷಣವೆಂದು ಭಾವಿಸುವ ಮನೋಧರ್ಮಕ್ಕೆ. ತಂಪು ಬೇರೆ, ಶುದ್ಧಿ ಬೇರೆ. ರೋಗಿಯನ್ನು ನಡುಗಿಸದೆ ಅವನ ಗಾಳಿಯನ್ನು ಹೊರಗಿನಷ್ಟೇ ನಿರ್ಮಲವಾಗಿಡುವುದು ಶುಶ್ರೂಷೆಯ ಮೊದಲ ಕರ್ತವ್ಯವೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿಯೇ ಬರೆದರು. ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಗೊಂಡಿರದ ಕಾಲವದು. ಕ್ಷಯದ ರೋಗಾಣುವನ್ನು ಕೋಖ್ ತೋರಿಸಿದ್ದು 1882ರಲ್ಲಿ. ಅದನ್ನು ಕಂಡೂ ನಾವು ಕಿಟಕಿ ಮುಚ್ಚುವುದಾದರೆ, ತಿಳಿವಳಿಕೆ ಬೆಳೆದದ್ದರ ಫಲವೇನು?

ಆಸ್ಪತ್ರೆ ಕಟ್ಟುವವರು ಅಮೃತಶಿಲೆಗಿಂತ ಮೊದಲು ಗಾಳಿಯ ದಾರಿಯನ್ನು ಯೋಚಿಸಲಿ. ನೋಡಲು ಹೋಗುವ ನಮ್ಮಂಥವರು ಹಣ್ಣಿನ ಚೀಲವನ್ನು ಕೆಳಗಿಟ್ಟು, ಕಿಟಕಿಯ ತಂಟೆಗೆ ಹೋಗದೆ ಕುಳಿತುಕೊಳ್ಳೋಣ. ಆ ದಾದಿ ನನ್ನಂಥ ಹಿತೈಷಿಗಳು ಮುಚ್ಚಿದ ಕಿಟಕಿಗಳನ್ನು ದಿನಕ್ಕೆ ಎಷ್ಟು ಸಲ ತೆರೆಯುತ್ತಿದ್ದರೋ!