ಒಲ್ಲೆನೆಂಬ ಯಂತ್ರವೇ ಒಳ್ಳೆಯದು

ಹಿಟ್ಟಿನ ಗಿರಣಿಯನ್ನು ನೋಡದವರು ನಮ್ಮಲ್ಲಿ ವಿರಳ. ಮೇಲಿನ ಬಾಯಿಗೆ ರಾಗಿಯನ್ನು ಸುರಿದರೆ ಕೆಳಗಿನ ಬಾಯಿಂದ ರಾಗಿಹಿಟ್ಟು ಬರುತ್ತದೆ. ಗೋಧಿಯನ್ನು ಸುರಿದರೆ ಗೋಧಿಹಿಟ್ಟು. ಅದೇ ಬಾಯಿಗೆ ಒಣಮೆಣಸಿನಕಾಯಿಯನ್ನು ಸುರಿದರೆ? ಗಿರಣಿಯು ಬೇಡವೆನ್ನುವುದಿಲ್ಲ, ಅದನ್ನೂ ಪುಡಿಮಾಡಿ ಕೊಡುತ್ತದೆ. ಆ ಗಳಿಗೆಯಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ. ಅನಂತರ ಬಂದ ಮನೆಯವರ ರಾಗಿಹಿಟ್ಟಿನಲ್ಲಿ ಖಾರ ಸೇರಿ, ರಾತ್ರಿ ಮುದ್ದೆಯ ತುತ್ತನ್ನು ಬಾಯಿಗಿಟ್ಟ ಮಗು ಅತ್ತಾಗಲೇ ತಪ್ಪು ಗೊತ್ತಾಗುವುದು. ತಪ್ಪು ನಡೆದ ಸ್ಥಳ ಒಂದು, ಅದರ ಫಲ ಕಂಡ ಸ್ಥಳ ಇನ್ನೊಂದು. ಗಿರಣಿಯವರು ಇದನ್ನು ಚೆನ್ನಾಗಿ ಬಲ್ಲರು. ಆದುದರಿಂದಲೇ ಖಾರಕ್ಕೆ ಬೇರೆ ಯಂತ್ರವನ್ನಿಟ್ಟು, ಚೀಲದಲ್ಲಿ ಏನಿದೆಯೆಂದು ನೋಡಿಯೇ ಸುರಿಯುತ್ತಾರೆ.

ಗಣಕಯಂತ್ರಕ್ಕಾಗಿ ಬರೆಯುವ ಪ್ರೋಗ್ರಾಮುಗಳು ಇಂತಹ ನೂರಾರು ಸಣ್ಣ ಗಿರಣಿಗಳ ಕೂಟಗಳೇ. ಒಂದೊಂದನ್ನೂ ಫಂಕ್ಷನ್ ಎಂದು ಕರೆಯುತ್ತಾರೆ. ಅದರ ಬಾಯಿಗೆ ಹಾಕುವ ವಸ್ತುವಿಗೆ ಆರ್ಗ್ಯುಮೆಂಟ್ ಎಂದು ಹೆಸರು. ಪ್ರತಿಯೊಂದು ಆರ್ಗ್ಯುಮೆಂಟಿಗೂ ಒಂದು ಬಗೆಯುಂಟು: ಅದು ಪೂರ್ಣಾಂಕವಾಗಿರಬಹುದು, ದಶಾಂಶ ಭಾಗವುಳ್ಳ ಸಂಖ್ಯೆಯಾಗಿರಬಹುದು, ಬರಿಯ ಅಕ್ಷರಗಳ ಸಾಲಾಗಿರಬಹುದು. ಫಂಕ್ಷನ್ನನ್ನು ಬರೆದವರು ಒಂದು ಬಗೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಬಳಸುವವರು ಬೇರೊಂದನ್ನು ತಂದು ಸುರಿಯುತ್ತಾರೆ. ಆಗ ಫಂಕ್ಷನ್ನು ಏನು ಮಾಡಬೇಕು? ಬಂದುದು ಏನಿರಬಹುದೆಂದು ಊಹಿಸಿ ಮುಂದುವರಿಯಬೇಕೆ, ಒಲ್ಲೆನೆಂದು ನಿಲ್ಲಬೇಕೆ? ಈ ಪ್ರಶ್ನೆಯಲ್ಲಿ ತಜ್ಞರಿಗೆ ಇಂದಿಗೂ ಒಮ್ಮತವಿಲ್ಲ. ನಿಲ್ಲಬೇಕೆಂಬುದೇ ನನ್ನ ಪಕ್ಷ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ. ಎದುರು ಪಕ್ಷದಲ್ಲಿಯೂ ಹುರುಳಿದೆಯೆಂಬುದನ್ನು ಮರೆಮಾಚುವುದಿಲ್ಲ.

ಮೊದಲು ಒಂದು ಸಣ್ಣ ವಿಷಯ ಸ್ಪಷ್ಟವಾಗಬೇಕು. ತೆರೆಯ ಮೇಲೆ ನಲವತ್ತೈದು ಎಂಬ ಅಂಕಿ ಕಂಡರೆ ನಮ್ಮ ಕಣ್ಣಿಗೆ ಅದು ಸಂಖ್ಯೆಯೇ. ಯಂತ್ರಕ್ಕೆ ಹಾಗಲ್ಲ. ಸಂಖ್ಯೆಯೆಂದು ತೆಗೆದಿರಿಸಿದ ನಲವತ್ತೈದು ಒಂದು ಬಗೆ. ಕೀಲಿಮಣೆಯಲ್ಲಿ ನಾಲ್ಕು ಮತ್ತು ಐದನ್ನು ಒತ್ತಿದಾಗ ಬರುವ ಅಕ್ಷರಗಳ ಸಾಲು ಇನ್ನೊಂದು ಬಗೆ. ಇಂಗ್ಲಿಷ್ ಅಂಕಿಗಳಾದರೆ ಈ ಎರಡನೆಯದು ಯಂತ್ರದ ಸ್ಮೃತಿಯಲ್ಲಿ ೫೨ ಮತ್ತು ೫೩ ಎಂಬ ಎರಡು ಸಂಕೇತಗಳಾಗಿ ಕುಳಿತಿರುತ್ತದೆ. ಜಾಲಪುಟದ ಅರ್ಜಿಯಲ್ಲಿ ನಾವು ತುಂಬುವ ಅಂಕಿಗಳೆಲ್ಲ ಸಾಮಾನ್ಯವಾಗಿ ಇಂತಹ ಅಕ್ಷರಗಳಾಗಿಯೇ ಒಳಗೆ ಹೋಗುತ್ತವೆ.

ಒಬ್ಬ ವಿದ್ಯಾರ್ಥಿಗೆ ಎರಡು ಪತ್ರಿಕೆಗಳಲ್ಲಿ ೪೫ ಮತ್ತು ೪೦ ಅಂಕಗಳು ಬಂದಿವೆಯೆನ್ನೋಣ. ಒಂದು ಅಂಕ ಅಕ್ಷರಗಳಾಗಿಯೂ ಇನ್ನೊಂದು ಸಂಖ್ಯೆಯಾಗಿಯೂ ಬಂದು ಸೇರಿವೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇವನ್ನು ಕೂಡಿಸಿದರೆ ೮೫ ಬರುವುದಿಲ್ಲ. ೪೫೪೦ ಬರುತ್ತದೆ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಅಂಟಿಸಿದಂತೆ. ಕೂಡುವ ಬದಲು ಕಳೆದರೆ ಮಾತ್ರ ಸರಿಯಾಗಿ ೫ ಬರುತ್ತದೆ! ಕೂಡುವಾಗ ಅಕ್ಷರವೆಂದೂ ಕಳೆಯುವಾಗ ಸಂಖ್ಯೆಯೆಂದೂ ಆ ಭಾಷೆ ತಾನೇ ಊಹಿಸಿಕೊಳ್ಳುತ್ತದೆ. ಪೈಥಾನ್ ಭಾಷೆ ಇದೇ ಜೋಡಿಯನ್ನು ಮುಟ್ಟುವುದಿಲ್ಲ. ಇಂತಹ ಬಗೆಗೆ ಇಂತಹ ಬಗೆಯನ್ನು ಕೂಡಲಾಗದೆಂದು ಹೇಳಿ, ಆ ಸಾಲಿನಲ್ಲಿಯೇ ನಿಂತುಬಿಡುತ್ತದೆ. ಎರಡೂ ಅಕ್ಷರಗಳಾಗಿದ್ದರೆ ಪೈಥಾನ್ ಸಹ ಅಂಟಿಸಿಯೇ ಕೊಡುತ್ತದೆಂಬುದನ್ನೂ ಹೇಳಬೇಕು; ಈ ಜಗತ್ತಿನಲ್ಲಿ ಪೂರ್ತಿ ನಿರ್ದೋಷಿಗಳಿಲ್ಲ.

೪೫೪೦ ಎಂಬ ಮೊತ್ತವನ್ನು ಕಂಡರೆ ಯಾರಾದರೂ ನಕ್ಕು ತಿದ್ದುತ್ತಾರೆ. ನಂಬುವಂತೆ ಕಾಣುವ ತಪ್ಪು ಉತ್ತರವೇ ಅಪಾಯಕರವಾದುದು. ಕನ್ನಡಿಗರಿಗೆ ಹತ್ತಿರವಾದ ಒಂದು ಉದಾಹರಣೆಯನ್ನು ನೋಡಿರಿ. ಅಂಕಪಟ್ಟಿಯಲ್ಲಿ ಯಾರೋ ಈ ಪುಟದಲ್ಲಿರುವಂತೆಯೇ ಕನ್ನಡ ಅಂಕಿಗಳಲ್ಲಿ ೮೫ ಎಂದು ಬರೆದರು. ಅದನ್ನು ಸಂಖ್ಯೆಯಾಗಿ ಮಾರ್ಪಡಿಸೆಂದು ಮೂರು ಭಾಷೆಗಳಿಗೆ ಹೇಳೋಣ. ಪೈಥಾನಿನ ಪೂರ್ಣಾಂಕ ಫಂಕ್ಷನ್ನು ಕನ್ನಡ ಅಂಕಿಗಳನ್ನು ಬಲ್ಲದು, ಎಂಬತ್ತೈದನ್ನೇ ಕೊಡುತ್ತದೆ. ಜಾವಾಸ್ಕ್ರಿಪ್ಟಿಗೆ ಅವು ತಿಳಿಯವು. ‘ಸಂಖ್ಯೆಯಲ್ಲ’ ಎಂಬ ಅರ್ಥದ ಒಂದು ವಿಶೇಷ ಮೌಲ್ಯವನ್ನು ಕೊಟ್ಟು ಕೆಲಸವನ್ನು ಮುಂದುವರಿಸುತ್ತದೆ. ಸಿ ಭಾಷೆಯಲ್ಲಿ ಅಕ್ಷರಗಳನ್ನು ಪೂರ್ಣಾಂಕವಾಗಿಸುವ ಹಳೆಯ ಫಂಕ್ಷನ್ನೊಂದಿದೆ. ಅರ್ಥವಾಗದುದು ಏನೇ ಬಂದರೂ ಅದು ಮರುಮಾತಿಲ್ಲದೆ ಸೊನ್ನೆಯನ್ನು ಕೊಡುತ್ತದೆ.

ಈಗ ತೇರ್ಗಡೆಗೆ ೩೫ ಅಂಕ ಬೇಕೆಂದೂ, ‘೩೫ಕ್ಕಿಂತ ಕಡಮೆಯಾದರೆ ಅನುತ್ತೀರ್ಣ, ಇಲ್ಲವಾದರೆ ಉತ್ತೀರ್ಣ’ ಎಂದು ಪ್ರೋಗ್ರಾಮಿನಲ್ಲಿ ಬರೆದಿದೆಯೆಂದೂ ಇಟ್ಟುಕೊಳ್ಳಿರಿ. ಸಿ ಭಾಷೆಯಲ್ಲಿ ಎಂಬತ್ತೈದು ತೆಗೆದವನು ಸೊನ್ನೆ ಪಡೆದು ನಪಾಸಾದನು. ಜಾವಾಸ್ಕ್ರಿಪ್ಟಿನಲ್ಲಿ ಇನ್ನೂ ಸೋಜಿಗ: ‘ಸಂಖ್ಯೆಯಲ್ಲ’ ಎಂಬ ಮೌಲ್ಯವನ್ನು ಯಾವ ಸಂಖ್ಯೆಯೊಡನೆ ಹೋಲಿಸಿದರೂ ‘ಕಡಮೆಯಲ್ಲ’ ಎಂಬ ಉತ್ತರವೇ ಬರುವುದರಿಂದ ಅವನು ಪಾಸಾದನು. ಅವನು ಮಾತ್ರವಲ್ಲ, ಪರೀಕ್ಷೆಗೇ ಬಾರದೆ, ಅಂಕದ ಬದಲು ಗೈರುಹಾಜರಿಯ ಗುರುತಾದ ‘ಎಬಿ’ ಎಂದು ಬರೆಸಿಕೊಂಡವನೂ ಪಾಸಾದನು! ಸಿ ಭಾಷೆಯಲ್ಲಾದರೆ ಗೈರುಹಾಜರಾದವನಿಗೂ, ಬರೆದು ಸೊನ್ನೆ ಪಡೆದವನಿಗೂ, ಕನ್ನಡ ಅಂಕಿಯಲ್ಲಿ ಎಂಬತ್ತೈದು ಪಡೆದವನಿಗೂ ಒಂದೇ ಗತಿ. ಈ ಮೂವರಲ್ಲಿ ಯಾರಿಗೆ ಅನ್ಯಾಯವಾಯಿತೆಂದು ಆ ಸೊನ್ನೆಯನ್ನು ನೋಡಿ ಹೇಳಲು ಯಾರಿಂದಲೂ ಆಗದು, ಏಕೆಂದರೆ ತಪ್ಪಿನ ಗುರುತೇ ಉಳಿದಿಲ್ಲ.

ಎದುರು ಪಕ್ಷದವರ ಮಾತನ್ನು ಕೇಳೋಣ. ಅಂತರಜಾಲದ ಅಡಿಪಾಯವನ್ನು ಹಾಕಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ೧೯೮೦ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು: ಕಳುಹಿಸುವಾಗ ಕಟ್ಟುನಿಟ್ಟಾಗಿರಬೇಕು, ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಅದರ ತಾತ್ಪರ್ಯ. ಬೇರೆಬೇರೆ ಜನ ಬರೆದ ಬೇರೆಬೇರೆ ಯಂತ್ರಗಳು ಪರಸ್ಪರ ಮಾತಾಡಲು ಈ ಔದಾರ್ಯವು ಒದಗಿಬಂತೆಂಬುದು ಸತ್ಯ. ಬ್ರೆಂಡನ್ ಐಕ್ ೧೯೯೫ರಲ್ಲಿ ಜಾವಾಸ್ಕ್ರಿಪ್ಟನ್ನು ರಚಿಸಿದಾಗ, ಪ್ರೋಗ್ರಾಮು ಬರೆದು ಪಳಗದವರೂ ಅದನ್ನು ಬಳಸುವರೆಂಬ ಎಣಿಕೆಯಿತ್ತು; ಸಣ್ಣ ತಪ್ಪಿಗೆಲ್ಲ ಇಡೀ ಪುಟ ನಿಂತರೆ ಅಂತಹವರು ಬೇಸತ್ತು ಕೈಬಿಡುತ್ತಿದ್ದರು. ಆದರೆ ಔದಾರ್ಯಕ್ಕೂ ಬೆಲೆ ತೆರಬೇಕಾಗುತ್ತದೆ. ಇಂದು ಸ್ವೀಕರಿಸಿದ ತಪ್ಪು ನಾಳೆ ರೂಢಿಯಾಗಿ, ಮುಂದೆ ಬರುವವರೆಲ್ಲರೂ ಆ ತಪ್ಪನ್ನೂ ಅರ್ಥಮಾಡಿಕೊಳ್ಳಬೇಕಾದ ಹೊರೆ ಬೀಳುತ್ತದೆ. ೨೦೨೩ರಲ್ಲಿ ಅಂತರಜಾಲದ ನಿಯಮಗಳನ್ನು ರೂಪಿಸುವವರ ವಲಯದಿಂದಲೇ ಈ ಸೂತ್ರವನ್ನು ವಿಮರ್ಶಿಸುವ ಪ್ರಕಟಣೆ ಹೊರಬಂತು.

ಔದಾರ್ಯಕ್ಕೆ ಎಲ್ಲೆ ಎಲ್ಲಿ? ನನಗೆ ತೋರುವ ಒರೆಗಲ್ಲು ಸರಳವಾದುದು. ಅಂಕಿಯ ಹಿಂದೆಮುಂದೆ ಖಾಲಿ ಜಾಗವಿದ್ದರೆ ಅದನ್ನು ಬಿಟ್ಟು ಓದಲಿ. ಅಲ್ಲಿ ಒಂದೇ ಅರ್ಥ ಸಾಧ್ಯ. ಕನ್ನಡದ ೮೫ನ್ನೂ ಓದಲಿ. ಅದಕ್ಕೂ ಒಂದೇ ಅರ್ಥ. ಆದರೆ ೦೪/೦೫ ಎಂದು ಬರೆದ ದಿನಾಂಕವು ನಮ್ಮ ದೇಶದಲ್ಲಿ ಮೇ ತಿಂಗಳ ನಾಲ್ಕು, ಅಮೆರಿಕದಲ್ಲಿ ಏಪ್ರಿಲ್ ತಿಂಗಳ ಐದು. ಎರಡು ಅರ್ಥಗಳಿರುವ ಕಡೆ ಊಹೆ ಮಾಡುವ ಅಧಿಕಾರ ಯಂತ್ರಕ್ಕಿಲ್ಲ. ಅಲ್ಲಿ ಅದು ಕೇಳಬೇಕು.

ಕೇಳದೆ ಊಹಿಸಿದುದರಿಂದ ಒಂದು ವಿಜ್ಞಾನವೇ ಎಷ್ಟು ತೊಂದರೆಪಟ್ಟಿತೆಂಬುದಕ್ಕೆ ತಳಿಶಾಸ್ತ್ರದ ಕಥೆಯೊಂದುಂಟು. ಮಾನವನ ಜೀನುಗಳಲ್ಲಿ ಸೆಪ್ಟಿನ್ ಎಂಬ ಪ್ರೋಟೀನುಗಳಿಗೆ ಸಂಬಂಧಿಸಿದವುಗಳನ್ನು ‘ಸೆಪ್ಟ್ ೧’, ‘ಸೆಪ್ಟ್ ೨’ ಎಂದೂ, ಬೇರೊಂದು ಗುಂಪನ್ನು ‘ಮಾರ್ಚ್ ೧’, ‘ಮಾರ್ಚ್ ೨’ ಎಂದೂ ಸಂಕ್ಷೇಪವಾಗಿ ಕರೆಯುತ್ತಿದ್ದರು. ಸಂಶೋಧಕರು ಇವನ್ನು ಎಕ್ಸೆಲ್ ಕೋಷ್ಟಕದಲ್ಲಿ ಬರೆದರೆ, ಅದು ಅವನ್ನು ಸೆಪ್ಟೆಂಬರ್ ಎರಡನೆಯ ತಾರೀಖು, ಮಾರ್ಚ್ ಒಂದನೆಯ ತಾರೀಖು ಎಂದು ದಿನಾಂಕಗಳಾಗಿ ಮಾರ್ಪಡಿಸಿಬಿಡುತ್ತಿತ್ತು. ಎಚ್ಚರಿಕೆಯಿಲ್ಲ, ಪ್ರಶ್ನೆಯಿಲ್ಲ. ೨೦೦೪ರಲ್ಲಿಯೇ ಇದನ್ನು ಪತ್ತೆಹಚ್ಚಿ ಪ್ರಕಟಿಸಿದ್ದರು. ಆದರೂ ೨೦೧೬ರಲ್ಲಿ ಆಸ್ಟ್ರೇಲಿಯದ ಮೂವರು ಸಂಶೋಧಕರು ಪರಿಶೀಲಿಸಿದಾಗ, ಜೀನುಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಪ್ರೌಢಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಬಗೆಯ ದೋಷದಿಂದ ಕೂಡಿದ್ದುವು. ಕೊನೆಗೆ ೨೦೨೦ರಲ್ಲಿ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಜೀನುಗಳ ಹೆಸರನ್ನೇ ಬದಲಾಯಿಸಿತು. ‘ಸೆಪ್ಟ್ ೧’ ಹೋಗಿ ‘ಸೆಪ್ಟಿನ್ ೧’ ಆಯಿತು. ಈ ಮಾರ್ಪಾಡನ್ನು ನಿಲ್ಲಿಸಿಡುವ ಅನುಕೂಲವು ಎಕ್ಸೆಲಿನಲ್ಲಿ ಬಂದುದು ೨೦೨೩ರಲ್ಲಿ. ಟೋಪಿಗೆ ತಕ್ಕಂತೆ ತಲೆಯನ್ನು ಕೆತ್ತಿದ ಈ ಪ್ರಸಂಗಕ್ಕೆ ನಗಬೇಕೋ ಮರುಗಬೇಕೋ ತಿಳಿಯದು.

ಯಂತ್ರವು ಒಲ್ಲೆನೆನ್ನಬೇಕೆಂಬ ವಿಚಾರ ಹೊಸದೇನೂ ಅಲ್ಲ. ವಿದ್ಯುತ್ ಗಣಕಗಳು ಹುಟ್ಟುವುದಕ್ಕೆ ಬಹಳ ಮುಂಚೆಯೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾವು ಯೋಜಿಸಿದ ವಿಶ್ಲೇಷಕ ಯಂತ್ರದಲ್ಲಿ ಇದಕ್ಕೆ ಏರ್ಪಾಡು ಮಾಡಿದ್ದರು. ೧೮೬೪ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಅದನ್ನು ವಿವರಿಸಿದ್ದಾರೆ. ಲೆಕ್ಕದ ನಡುವೆ ಒಂದು ಸಂಖ್ಯೆಯ ಲಾಗರಿತಮ್ ಬೇಕಾದರೆ ಯಂತ್ರವು ಗಂಟೆ ಬಾರಿಸಿ ಕೇಳುತ್ತದೆ. ಸಹಾಯಕನು ಅದನ್ನು ಕೊರೆದಿರುವ ಪಟ್ಟಿಯನ್ನು ತಂದು ಒಡ್ಡುತ್ತಾನೆ. ಯಂತ್ರವು ಅದನ್ನು ಹಾಗೆಯೇ ನುಂಗುವುದಿಲ್ಲ. ಪಟ್ಟಿಯ ಮೇಲಿನ ಸಂಖ್ಯೆಯನ್ನು ತಾನು ಕೇಳಿದ ಸಂಖ್ಯೆಯಿಂದ ಕಳೆದು ನೋಡುತ್ತದೆ. ಸೊನ್ನೆ ಬಂದರೆ ಸರಿ. ಬಾರದಿದ್ದರೆ ಮೊದಲಿಗಿಂತ ಗಟ್ಟಿಯಾದ ಗಂಟೆಯನ್ನು ಬಾರಿಸಿ, ತಂದ ಪಟ್ಟಿ ತಪ್ಪೆಂದು ತೋರಿಸಿ, ಸರಿಯಾದುದು ಬರುವವರೆಗೂ ನಿಂತಿರುತ್ತದೆ. ಆ ಯಂತ್ರವು ಅವರ ಕಾಲದಲ್ಲಿ ಪೂರ್ತಿಯಾಗಲಿಲ್ಲ. ಆದರೆ ಒಳ್ಳೆಯ ಫಂಕ್ಷನ್ನಿನ ಲಕ್ಷಣವೆಲ್ಲ ಅದರಲ್ಲಿದೆ: ಬಾಗಿಲಲ್ಲಿಯೇ ಪರೀಕ್ಷೆ, ಏನು ತಪ್ಪೆಂಬ ಸೂಚನೆ, ಉತ್ತರದೊಡನೆ ಬೆರೆಯದ ಬೇರೆ ದನಿ.

ಈ ಕಡೆಯ ಲಕ್ಷಣವನ್ನು ಹಲವರು ಲಘುವಾಗಿ ಎಣಿಸುತ್ತಾರೆ. ಅದರ ಬೆಲೆ ಏನೆಂಬುದು ೧೯೯೬ನೆಯ ಜೂನ್ ೪ರಂದು ಫ್ರೆಂಚ್ ಗಯಾನದ ಕೂರೂ ನೆಲೆಯಿಂದ ಮೇಲೆದ್ದ ಏರಿಯಾನ್ ೫ ರಾಕೆಟ್ಟಿನಿಂದ ತಿಳಿಯಿತು. ಅದರ ದಿಕ್ಕನ್ನು ಅಳೆಯುವ ಉಪಕರಣದಲ್ಲಿ, ೬೪ ಬಿಟ್‌ಗಳ ದಶಾಂಶ ಸಂಖ್ಯೆಯೊಂದನ್ನು ೧೬ ಬಿಟ್‌ಗಳ ಪೂರ್ಣಾಂಕವಾಗಿ ಮಾರ್ಪಡಿಸುವ ಕೆಲಸವಿತ್ತು. ಹದಿನಾರು ಬಿಟ್‌ಗಳಲ್ಲಿ ಹಿಡಿಸುವ ಗರಿಷ್ಠ ಪೂರ್ಣಾಂಕ ೩೨,೭೬೭. ಹಿಂದಿನ ಏರಿಯಾನ್ ೪ರ ಪಥದಲ್ಲಿ ಆ ಎಲ್ಲೆ ಮೀರುವಂತಿರಲಿಲ್ಲ. ಇಂತಹ ಅಪಾಯವಿದ್ದ ಏಳು ಬೆಲೆಗಳಲ್ಲಿ ನಾಲ್ಕಕ್ಕೆ ಮಾತ್ರ ಕಾವಲಿಟ್ಟು, ಗಣಕಕ್ಕೆ ಹೊರೆ ಹೆಚ್ಚಬಾರದೆಂದು ಮೂರನ್ನು ಹಾಗೆಯೇ ಬಿಟ್ಟಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಬಹಳ ಹೆಚ್ಚಿತ್ತು. ಸಂಖ್ಯೆ ಎಲ್ಲೆ ಮೀರಿತು. ಉಪಕರಣವು ಒಲ್ಲೆನೆಂದಿತು. ಮೀಸಲಾಗಿಟ್ಟಿದ್ದ ಜೊತೆ ಉಪಕರಣದಲ್ಲಿಯೂ ಅದೇ ಪ್ರೋಗ್ರಾಮು ಇದ್ದುದರಿಂದ ಅದೂ ಆಗಲೇ ನಿಂತುಹೋಗಿತ್ತು.

ಇಲ್ಲಿಯವರೆಗೆ ಯಂತ್ರದ ನಡತೆ ನಾನು ಹೊಗಳುವಂತೆಯೇ ಇದೆಯಲ್ಲವೆ? ಅನಾಹುತವಾದುದು ಮುಂದಿನ ಹೆಜ್ಜೆಯಲ್ಲಿ. ಕೆಟ್ಟು ನಿಂತ ಉಪಕರಣವು ತನಗೇನಾಯಿತೆಂಬ ರೋಗಲಕ್ಷಣದ ಸಂಕೇತಗಳನ್ನು, ದಿಕ್ಕಿನ ಅಳತೆಗಳು ಹೋಗುವ ಅದೇ ದಾರಿಯಲ್ಲಿ ರಾಕೆಟ್ಟಿನ ಮುಖ್ಯ ಗಣಕಕ್ಕೆ ಕಳುಹಿಸಿತು. ಮುಖ್ಯ ಗಣಕವು ಬಂದುದು ಯಾವ ಬಗೆಯದೆಂದು ನೋಡಲಿಲ್ಲ. ಆ ಸಂಕೇತಗಳನ್ನೇ ಹಾರಾಟದ ಅಳತೆಗಳೆಂದು ಓದಿ, ಇಲ್ಲದ ಓರೆಯನ್ನು ತಿದ್ದಲು ಎಂಜಿನುಗಳ ಮೂತಿಗಳನ್ನು ಪೂರ್ತಿ ಹೊರಳಿಸಿತು. ಮೇಲೆದ್ದ ಸುಮಾರು ನಲವತ್ತು ಸೆಕೆಂಡುಗಳಲ್ಲಿ ರಾಕೆಟ್ಟು ಅಡ್ಡ ತಿರುಗಿ, ಒಡೆದು, ಸಿಡಿದುಹೋಯಿತು; ಅದರಲ್ಲಿದ್ದ ಕ್ಲಸ್ಟರ್ ಎಂಬ ನಾಲ್ಕು ಉಪಗ್ರಹಗಳೂ ನಾಶವಾದುವು. ಗಂಟೆ ಬಾರಿಸಿತ್ತು, ಕೇಳಿದವನು ಅದನ್ನು ಉತ್ತರವೆಂದುಕೊಂಡನು. ಫಂಕ್ಷನ್ನೊಂದು ಸೋತಾಗ ಸೊನ್ನೆಯನ್ನೋ ಋಣ ಒಂದನ್ನೋ ಉತ್ತರದ ಜಾಗದಲ್ಲಿ ಇಟ್ಟು ಕಳುಹಿಸುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿಯೂ ಉಂಟು. ಆ ರಾಕೆಟ್ಟಿನ ದೋಷವೂ ಇದೇ ಜಾತಿಯದು.

ಹಾಗಾದರೆ ಪ್ರತಿಯೊಂದು ಫಂಕ್ಷನ್ನಿನ ಬಾಗಿಲಲ್ಲಿಯೂ ಹತ್ತು ಸಾಲಿನ ಪರೀಕ್ಷೆ ಬರೆಯಬೇಕೆ ಎಂದು ಕೇಳಬಹುದು. ಬೇಡ. ಊರಿನ ಗಡಿಯಲ್ಲಿ ಸುಂಕದ ಕಟ್ಟೆಯಿದ್ದರೆ ಪ್ರತಿ ಬೀದಿಯಲ್ಲಿ ಬೇಕಿಲ್ಲ. ಹೊರಗಿನ ಜನರಿಂದ, ಕಡತಗಳಿಂದ, ಜಾಲದಿಂದ ವಸ್ತು ಒಳಬರುವ ಕಡೆ ಬಿಗಿಯಾಗಿ ನೋಡಿ, ಸರಿಯಾದ ಬಗೆಗೆ ತಂದುಕೊಂಡರೆ ಒಳಗಿನ ಕೆಲಸ ಹಗುರ. ಬಗೆಯನ್ನು ಮೊದಲೇ ಘೋಷಿಸುವ ಭಾಷೆಗಳಲ್ಲಿ ಒಳಗಿನ ಎಷ್ಟೋ ತಪ್ಪುಗಳು ಪ್ರೋಗ್ರಾಮು ಓಡುವ ಮುನ್ನವೇ ಸಿಕ್ಕಿಬೀಳುತ್ತವೆ. ಜಾವಾಸ್ಕ್ರಿಪ್ಟಿಗೂ ಇದನ್ನು ಒದಗಿಸಲು ೨೦೧೨ರಲ್ಲಿ ಟೈಪ್‌ಸ್ಕ್ರಿಪ್ಟ್ ಹೊರಬಂತು. ಪೈಥಾನಿನಲ್ಲಿ ೨೦೧೫ರಿಂದ ಬಗೆಯನ್ನು ಬರೆದು ತೋರಿಸುವ ಕ್ರಮಬದ್ಧ ಅನುಕೂಲವಿದೆ. ಆದರೆ ಓಡುವಾಗ ಪೈಥಾನ್ ಆ ಬರಹವನ್ನು ತಾನಾಗಿ ಪರೀಕ್ಷಿಸುವುದಿಲ್ಲವೆಂಬುದು ಹೊಸಬರಿಗೆ ತಿಳಿದಿರಬೇಕು. ‘ಏನೇ ತಪ್ಪಾದರೂ ಸುಮ್ಮನೆ ಮುಂದುವರಿ’ ಎಂದು ಬರೆಯುವ ಚಾಳಿಯನ್ನಂತೂ ಆರಂಭದಲ್ಲಿಯೇ ಬಿಡಬೇಕು. ಅದು ಗಂಟೆಯ ನಾಲಗೆಯನ್ನು ಕಿತ್ತು ಎಸೆದಂತೆ.

ನಮ್ಮ ಕಾಲೇಜುಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸರಿಯಾದ ಅಂಕಿಗಳನ್ನು ಕೊಟ್ಟು ಸರಿಯಾದ ಉತ್ತರ ಬಂದಿತೇ ಎಂದಷ್ಟೇ ನೋಡುವ ವಾಡಿಕೆ. ಅಧ್ಯಾಪಕರು ಇನ್ನು ಮೇಲೆ ಕಾಲುಭಾಗ ಅಂಕಗಳನ್ನಾದರೂ ತಪ್ಪು ಸರಕಿಗೆ ಮೀಸಲಿಡಬಾರದೇಕೆ? ಅಂಕಗಳ ಮೊತ್ತವನ್ನು ಕಂಡುಹಿಡಿಯುವ ಪ್ರೋಗ್ರಾಮಿಗೆ ಒಂದು ಖಾಲಿ ಜಾಗವನ್ನು, ಒಂದು ‘ಎಬಿ’ಯನ್ನು, ಕನ್ನಡದ ೮೫ನ್ನು, ನೂರಕ್ಕೆ ಗರಿಷ್ಠವಾದ ಪತ್ರಿಕೆಯಲ್ಲಿ ನೂರಹತ್ತನ್ನು ಕೊಟ್ಟು, ಅದು ಏನೆನ್ನುತ್ತದೆಂದು ವಿದ್ಯಾರ್ಥಿಯಿಂದಲೇ ಓದಿಸಬಹುದು. ಇದಕ್ಕೆ ಹೊಸ ಉಪಕರಣವಾಗಲಿ ಹೆಚ್ಚಿನ ವೆಚ್ಚವಾಗಲಿ ಬೇಕಾಗಿಲ್ಲ. ಪ್ರಶ್ನಪತ್ರಿಕೆಯಲ್ಲಿ ಎರಡು ಸಾಲು ಸೇರಿಸಿದರೆ ಸಾಕು.